ಒಂದು ಮರದಷ್ಟು ಮೊದಲು

ಬೆಂಕಿಮಾಸದ ಹನ್ನೆರಡು,
ಬೇವಿನ ಸಾಲಿನ ಐದನೇ ತಲೆಮಾರು,
ಕುಷ್ಟಗಿ ಬಯಲು

ಪೂಜ್ಯ ನೀಲಗಂಗವ್ವನವರಿಗೆ, ನಿಮ್ಮ ಮರಿಮೊಮ್ಮಗಳ ಮಗಳು ಶಾಂಭವಿಯ ನಮಸ್ಕಾರಗಳು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನೀವು ಬರೀ ಬೇಸಿಗೆ ಅನ್ನುತ್ತೀರಲ್ಲ, ಅದರಲ್ಲಿ ಯುಗಾದಿಯ ನಂತರದ ಪಾಲನ್ನು ನಾವು ಬೆಂಕಿಮಾಸ ಎನ್ನುತ್ತೇವೆ. ಆಗ ಬಿಸಿಲೇರುವ ಮೊದಲೇ ಶಾಲೆ ಮುಗಿಯುತ್ತದೆ, ಮಧ್ಯಾಹ್ನ ಬಸ್ಸು ಓಡುವುದಿಲ್ಲ, ಮದುವೆಯ ಮಾತೆತ್ತಿದವರನ್ನು ನೋಡಿ ಊರೇ ನಗುತ್ತದೆ. ಕೋಳಿ ಶೆಡ್ಡು ಕಟ್ಟಬೇಕೆಂದರೆ ಮೊದಲು ನೆರಳೊಪ್ಪಿಗೆ ಬೇಕು: ಮರಗಳು ಬೆಳೆದು ಆ ಜಾಗದ ಮೇಲೆ ನೆರಳು ಬಿದ್ದಿದೆಯೆಂದು ಊರಿನವರು ಬಂದು ನೋಡಿ ಹೇಳುವ ಮಾತು ಅದು. ಹಾಗಾಗಿ ಇಲ್ಲಿ ತಾಯಂದಿರು ಸಸಿ ನೆಡುತ್ತಾರೆ, ಮಕ್ಕಳು ಕೋಳಿ ಸಾಕುತ್ತಾರೆ. ನೆರಳಿಗಾಗಿ ಕಾಯುವ ಕೆಲಸ ನನಗೆ ಬರಲಿಲ್ಲ, ನಿಮ್ಮ ಬೇವುಗಳಿದ್ದವು.

ನಿಮ್ಮ ಮನೆಯಲ್ಲಿ ಈಗ ನಡೆದಿರುವುದು ನಮಗೆಲ್ಲ ಬಾಯಿಪಾಠ. ಪ್ರೀತಿಯಿಂದ ಬೆಳೆಸಿದ ಬೇವಿನ ಒಂದು ಟೊಂಗೆಯನ್ನೂ ಮುಟ್ಟಲು ನೀವು ಬಿಡಲಿಲ್ಲ. ಕೊಂಬೆಗಳು ನೆಲಕ್ಕಿಳಿದು ಶೆಡ್ಡಿನ ಜಾಲರಿಗೆ ಗೋಡೆಯಾದವು, ಗಾಳಿ ನಿಂತಿತು, ಎಷ್ಟೋ ಕೋಳಿಗಳು ಕೊಕ್ಕು ತೆರೆದು ಏದುಸಿರು ಬಿಡುತ್ತಲೇ ಸತ್ತವು. ಎಲ್ಲ ಮರಗಳದೇ ತಪ್ಪೆಂದು ನಿಮ್ಮ ಭಾವ ವಿರುಪಣ್ಣನವರು ನಾಳೆ ಮಧ್ಯಾಹ್ನ ಕೊಡಲಿಯವನನ್ನು ಕರೆಸುತ್ತಾರೆ. ಪಡುವಣ ಮೂಲೆಯ ಮೊದಲ ಮರ ಉರುಳುವವರೆಗೂ ನೀವು ಸೆರಗು ಹಿಡಿದು ಸುಮ್ಮನೆ ನಿಲ್ಲುತ್ತೀರಿ. ಬಿಸಿಲು ನುಗ್ಗಿ ಆ ಮೂಲೆಯ ಕೋಳಿಗಳು ಓಡಿದಾಗ ನಿಮಗೆ ಬಾಯಿ ಬರುತ್ತದೆ: "ಭಾವಾರ, ಗಿಡ ಕಡಸಬ್ಯಾಡ್ರಿ. ಕೆಳಗಿನ ಟೊಂಗಿ ಅಷ್ಟ ತಗಿಸ್ರಿ. ಗಾಳಿ ಬರ್ತೈತಿ, ನೆಳ್ಳೂ ಉಳೀತೈತಿ."

ಅಂದು ಉಳಿದ ಸಾಲು ಇವತ್ತು ನನ್ನ ಕೋಳಿಗಳನ್ನು ಕಾಯುತ್ತಿದೆ. ಕರೆಂಟು ಹೋಗಿ ಫ್ಯಾನು ನಿಂತರೂ ನನಗೆ ಗಾಬರಿಯಿಲ್ಲ. ಮೊದಲ ಮರ ಉರುಳಿದ ಆ ಪಡುವಣ ಮೂಲೆಯೊಂದೇ ಹೊಟ್ಟೆ ಉರಿಸುತ್ತದೆ. ಇಳಿಬಿಸಿಲು ಅಲ್ಲಿಂದ ನುಗ್ಗಿದರೆ ಕೋಳಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ನಿನ್ನೆಯೂ ಸತ್ತ ಕೋಳಿಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಹೂತು ಬಂದೆ. ಇಷ್ಟು ಕಾಲ ಅಲ್ಲಿ ಯಾರೂ ಸಸಿ ನೆಡಲಿಲ್ಲವೇಕೆ ಎಂದು ಕೇಳಿದರೆ ನಿಮಗೆ ನಗು ಬರುತ್ತದೆ. ಅದು ನೀವು ಬಾಯಿಬಿಟ್ಟ ಜಾಗವೆಂದು ಹಿರಿಯರು ಅರಿಶಿನ ಕುಂಕುಮ ಇಟ್ಟು ಖಾಲಿ ಬಿಟ್ಟರು. ಹೊಸ ಸೊಸೆಯನ್ನು ಅಲ್ಲಿ ನಿಲ್ಲಿಸಿ, ಮನಸ್ಸಿನಲ್ಲಿದ್ದುದನ್ನು ಗಟ್ಟಿಯಾಗಿ ಹೇಳಿಸುವ ಪದ್ಧತಿಯೂ ಇದೆ. ಒಳ್ಳೆಯ ಪದ್ಧತಿಯೇ, ಆದರೆ ಕೋಳಿಗೆ ಅದರಿಂದ ನೆರಳಾಗುವುದಿಲ್ಲ. ಈ ವರ್ಷ ನಾನು ಅಲ್ಲೇ ಒಂದು ಬೇವಿನ ಸಸಿ ನೆಟ್ಟೆ. ಮನೆಯ ಹಿರಿಯರು ಇನ್ನೂ ನನ್ನೊಂದಿಗೆ ನೆಟ್ಟಗೆ ಮಾತಾಡುತ್ತಿಲ್ಲ. ಸಸಿ ಮೊಣಕಾಲೆತ್ತರ ಬಂದಿದೆ. ಬದುಕಿದರೆ ಅದರ ನೆರಳು ನನ್ನ ಮಗಳಿಗೆ, ನನಗಲ್ಲ.

ಆ ಮೂಲೆಯ ನೆರಳು ನನ್ನ ಕಾಲಕ್ಕೆ ಸಿಗಬೇಕಾದರೆ ನೀವೇ ಕೊಡಬೇಕು. ನಾಳೆ ಕೊಡಲಿಯವನನ್ನು ವಾಪಸು ಕಳಿಸಬೇಡಿ, ಕೆಳಗಿನ ಟೊಂಗೆ ತೆಗೆಯಲು ಅವನು ಬೇಕು. ಹೇಳಬೇಕಾದ ಮಾತು ನಿಮಗೇ ಗೊತ್ತಿದೆ, ನಾನು ಕಲಿಸುವುದೇನೂ ಇಲ್ಲ. ಅದನ್ನೇ ಒಂದು ಮರದಷ್ಟು ಮೊದಲು ಹೇಳಿ, ಅವ್ವ.