ಪರೀಕ್ಷೆಯ ಬಾಗಿಲಲ್ಲಿ ಬಿದ್ದವನು

ಮನೆ,
ಮಾರ್ಚ್ ೧೪, ಶನಿವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಚಿಕ್ಕಮ್ಮನ ಮನೆಯಲ್ಲಿ ಸರಿಯಾಗಿ ನಿದ್ದೆ ಬರುತ್ತಿದೆಯಾ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಿನ್ನ ಫೋನು ಬಾಯಿ ಮುಚ್ಚಿ ತಿಂಗಳ ಮೇಲಾಯಿತು. ಚಿಕ್ಕಮ್ಮನನ್ನು ಕೇಳಿದರೆ "ಚೆನ್ನಾಗಿದ್ದಾಳೆ ಕಣೇ, ದಿನಾ ಗಿಡಕ್ಕೆ ನೀರು ಹಾಕ್ತಾಳೆ" ಅನ್ನುತ್ತಾರೆ. ಗಿಡಗಳ ಯೋಗಕ್ಷೇಮ ತಿಳಿಯಿತು, ನಿನ್ನದು ತಿಳಿಯಲಿಲ್ಲ. ಅದಕ್ಕೇ ಈ ಕಾಗದ. ಇದನ್ನು ಸ್ವಿಚ್ ಆಫ್ ಮಾಡುವುದಕ್ಕೆ ಬರುವುದಿಲ್ಲವಲ್ಲ! ಇಲ್ಲಿ ಅಪ್ಪ ಅಮ್ಮ ಆರಾಮ. ನನ್ನ ಮಗಳಿಗೆ ಹೊಸ ಹಲ್ಲುಗಳು ಬಂದಿವೆ, ನನ್ನ ಪುಸ್ತಕದ ಮೂಲೆಗಳೆಲ್ಲ ಅವಳ ಹೊಟ್ಟೆ ಸೇರಿವೆ. ಔಷಧಶಾಸ್ತ್ರವನ್ನು ಅರೆದು ಕುಡಿದವರು ಈ ಮನೆಯಲ್ಲಿ ಯಾರಾದರೂ ಇದ್ದರೆ ಅವಳೊಬ್ಬಳೇ. ಅಪ್ಪನದು ಅದೇ ಹಳೇ ರಾಗ: "ಇಬ್ಬರೂ ಜನರನ್ನ ಮಲಗಿಸೋ ಕೆಲಸಾನೇ ಹಿಡಿದ್ರೆ ಎಬ್ಬಿಸೋರು ಯಾರಮ್ಮಾ?" ಆದರೆ ನಿನ್ನ ಕೋಣೆಯ ಬಾಗಿಲು ದಾಟುವಾಗ ಮಾತ್ರ ಅವರಿಗೆ ಈ ತಮಾಷೆ ನೆನಪಾಗುವುದಿಲ್ಲ.

ಗುರುವಾರ ನನ್ನ ವೈವಾ ಮುಗಿಯಿತು. ಹೆರಿಗೆ, ಬಾಣಂತನ ಅಂತ ಮುಂದೂಡುತ್ತ ಬಂದಿದ್ದ ಮೂಲವಿಜ್ಞಾನದ ಪರೀಕ್ಷೆಗೆ ಕೊನೆಗೂ ಕೂತೆ. ಹೋದ ಸಲ ಅದೇ ಕಟ್ಟಡದಲ್ಲಿ ನಿನ್ನ ಬಾಯಿ ಕಟ್ಟಿಹೋಯಿತಲ್ಲ, ಫಲಿತಾಂಶ ಬಂದ ಮೇಲೆ ರಜೆ ಹಾಕಿ "ಅರಿವಳಿಕೆ ನನಗಲ್ಲ ಅಕ್ಕಾ" ಅಂತ ಬ್ಯಾಗು ಹಿಡಿದು ಹೊರಟುಬಿಟ್ಟೆಯಲ್ಲ, ಹಾಗಾಗಿ ಅಲ್ಲಿ ನಡೆದದ್ದನ್ನು ಒಂದೂ ಬಿಡದೆ ನಿನಗೆ ಹೇಳಲೇಬೇಕು. ಓದುವುದಿಲ್ಲ ಅಂತ ಹಟ ಮಾಡಬೇಡ. ನೀನು ಚಿಕ್ಕವಳಿದ್ದಾಗಲೂ ಕಥೆ ಬೇಡ ಬೇಡ ಅನ್ನುತ್ತಲೇ ಹತ್ತಿರ ಸರಿಯುತ್ತಿದ್ದೆ.

ಆ ಕಾರಿಡಾರ್ ನಿನಗೆ ಗೊತ್ತಲ್ಲ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಗಾಜಿನ ಬಾಗಿಲುಗಳು, ನಡುವೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಬಾಗಿಲಿಗೊಂದು ವಿಷಯ, ಒಂದು ಟೇಬಲ್, ಗಂಟೆ ಹೊಡೆದರೆ ಒಳಗೆ, ಮತ್ತೆ ಹೊಡೆದರೆ ಹೊರಗೆ. ಔಷಧಶಾಸ್ತ್ರದ ಟೇಬಲ್ ಮುಗಿಸಿ ಬಂದಿದ್ದೆ. ಅದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಗಿತ್ತು. ಮುಂದಿನದು ಫಿಸಿಕ್ಸ್, ಅದೇ ನಮ್ಮ ಸಿಲಿಂಡರು, ಯಂತ್ರಗಳ ಲೆಕ್ಕಾಚಾರ. ನನ್ನ ಪಕ್ಕದ ಕುರ್ಚಿಯಲ್ಲಿ ಬಾಗಿಲಿನ ಮೇಲ್ಪಟ್ಟಿಗೆ ತಲೆ ತಾಗುವಷ್ಟು ಎತ್ತರದ ಹುಡುಗನೊಬ್ಬ ಕೂತಿದ್ದ. ಬೇರೆ ಆಸ್ಪತ್ರೆಯವನು, ಹೆಸರು ಗೊತ್ತಿರಲಿಲ್ಲ, ಮನಸ್ಸಿನಲ್ಲೇ ಉದ್ದಣ್ಣ ಅಂತ ಕರೆದೆ. ಬೆಳಗ್ಗೆಯಿಂದ ನೀರೂ ಕುಡಿದಿರಲಿಲ್ಲವಂತೆ. ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮುಂಚೆ ಎದ್ದು ನಿಂತ, ಮುಖ ಸುಣ್ಣ ಬಳಿದಂತೆ ಬಿಳಿಚಿಕೊಂಡಿತು, ಹಾಗೇ ಕುರ್ಚಿಗಳ ಮೇಲೆ ಒರಗಿ ನೆಲಕ್ಕೆ ಬಿದ್ದ. ಅಲ್ಲಿ ಸೇರಿದ್ದವರು ಯಾರು ಹೇಳು? ಪ್ರಜ್ಞೆ ತಪ್ಪಿಸುವುದನ್ನೇ ಕಸುಬು ಮಾಡಿಕೊಂಡವರು! ಒಬ್ಬನಿಗೆ ತಾನಾಗಿಯೇ ಪ್ರಜ್ಞೆ ತಪ್ಪಿದ್ದೇ ತಡ, ಅಷ್ಟೂ ಜನ ಕೈಯಲ್ಲಿದ್ದ ಹಾಳೆ ಹಿಡಿದುಕೊಂಡು ಗರಬಡಿದವರಂತೆ ನಿಂತುಬಿಟ್ಟರು.

ನಾನು ಕೆಳಗೆ ಕೂತು ನಾಡಿ ನೋಡಿದೆ. ನಿಧಾನಕ್ಕೆ ಬಡಿಯುತ್ತಿತ್ತು, ಉಸಿರಾಟ ಸರಿಯಾಗಿತ್ತು. ಕಾಲರ್ ಸಡಿಲಿಸಿ, ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಡಲು ನೋಡಿದೆ. ಅಬ್ಬಾ, ಅವೇನು ಕಾಲುಗಳೋ, ತೊಲೆಗಳೋ! ಪ್ಲಾಸ್ಟಿಕ್ ಕುರ್ಚಿ ಜಾರಿಹೋಯಿತು, ಕೊನೆಗೆ ನಾನೇ ಹೆಗಲ ಮೇಲೆ ಹೊತ್ತು ಹಿಡಿದೆ. ಸ್ವಲ್ಪ ಹೊತ್ತಿಗೆ ತುಟಿಗೆ ಬಣ್ಣ ಬಂತು, ಕಣ್ಣು ಬಿಟ್ಟ. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು "ಹೋಗ್ಬೇಡಿ" ಅಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದವರೆಲ್ಲ ತಂತಮ್ಮ ಬಾಗಿಲುಗಳ ಒಳಗೆ ಹೋದರು. ಮೇಲ್ವಿಚಾರಕರು ಬಂದು "ಮೇಡಂ, ನಿಮ್ಮ ಟೈಮ್ ಶುರುವಾಯ್ತು, ಹೋದ ನಿಮಿಷ ವಾಪಸ್ ಕೊಡೋಕಾಗಲ್ಲ" ಅಂದರು. "ಆಗಲಿ ಸರ್, ಇವನು ಎದ್ದು ಕೂರಲಿ, ಇಲ್ಲಾ ಕಾಲು ಹಿಡಿಯೋಕೆ ಇನ್ನೊಬ್ಬರನ್ನ ಕರೀರಿ" ಅಂದೆ. ನಿಜ ಹೇಳಲಾ ಪುಟ್ಟೀ? ಆ ಗಳಿಗೆಯಲ್ಲಿ ನನಗೆ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ಒಬ್ಬ ಮನುಷ್ಯ ನೆಲದ ಮೇಲಿದ್ದ, ಅವನ ಕಾಲು ನನ್ನ ಹೆಗಲ ಮೇಲಿತ್ತು, ಅಷ್ಟೇ.

ಪ್ರಥಮ ಚಿಕಿತ್ಸೆಯ ನರ್ಸಮ್ಮ ಓಡಿ ಬಂದ ಮೇಲೆ ನಾನು ಒಳಗೆ ಹೋದೆ. ನನ್ನ ಪಾಲಿನ ಸಮಯದಲ್ಲಿ ಅರ್ಧ ಆಗಲೇ ಮುಗಿದಿತ್ತು. ಫಿಸಿಕ್ಸ್ ಟೇಬಲಿನ ಪರೀಕ್ಷಕರು ಗಡಿಯಾರ ನೋಡಿದರು, ನನ್ನ ಕೆದರಿದ ತಲೆ ನೋಡಿದರು, ಯಾಕೆ ತಡ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ನೈಟ್ರಸ್ ಆಕ್ಸೈಡ್ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಅಂತ ಒತ್ತಡದ ಮುಳ್ಳು ನೋಡಿ ಯಾಕೆ ಹೇಳಲಾಗುವುದಿಲ್ಲ ಅಂತ ಕೇಳಿದರು. ನನಗೆ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬಂತು. "ಅಡುಗೆ ಗ್ಯಾಸಿನ ಹಾಗೇ ಸರ್, ಒಳಗೆ ದ್ರವ ಇರೋವರೆಗೂ ಒತ್ತಡ ಇಳಿಯಲ್ಲ, ಮುಳ್ಳು ತುಂಬಿದೆ ಅಂತಲೇ ತೋರಿಸುತ್ತೆ. ತೂಕ ಹಾಕಿ ನೋಡಿದ್ರೇನೇ ನಿಜ ಗೊತ್ತಾಗೋದು" ಅಂದೆ. ಅವರ ಮೀಸೆಯ ಒಂದು ತುದಿ ನಕ್ಕಿತು. ರಕ್ತದೊತ್ತಡ ಅಳೆಯುವ ನಳಿಕೆಯಲ್ಲಿ ಗಾಳಿಗುಳ್ಳೆ ಸೇರಿದರೆ ಏನಾಗುತ್ತದೆ ಅಂತ ಶುರುಮಾಡಿದರು. ನಾನು ಬಾಯಿ ತೆರೆದೆ, ಗಂಟೆ ಹೊಡೆಯಿತು. ತೆರೆದ ಬಾಯಲ್ಲೇ ಎದ್ದು ಬಂದೆ!

ಕೊನೆಯದು ಫಿಸಿಯಾಲಜಿ. ಅಲ್ಲಿದ್ದ ಹಿರಿಯ ಮೇಡಂ ಗಾಜಿನ ಬಾಗಿಲಿನಿಂದ ಎಲ್ಲವನ್ನೂ ನೋಡಿದ್ದರು ಅಂತ ಕಾಣುತ್ತದೆ. ಕೂರುವ ಮೊದಲೇ "ಕಾಲು ಎತ್ತಿದ್ದು ಯಾಕೆ, ಹೇಳಿ" ಅಂದರು. ಕಾಲಿನ ರಕ್ತ ಹೃದಯಕ್ಕೆ ಮರಳುವುದರಿಂದ ಹಿಡಿದು ಮಿದುಳಿಗೆ ತಲುಪುವವರೆಗೂ ನಾನು ನಿಲ್ಲಿಸಲೇ ಇಲ್ಲ. ಅವರೇ ಕೈ ಅಡ್ಡ ಹಿಡಿದು "ಸಾಕಮ್ಮಾ, ಉಸಿರು ಬಿಡು" ಅಂದರು.

ಹೊರಗೆ ಬಂದರೆ ಉದ್ದಣ್ಣ ಮೆಟ್ಟಿಲ ಮೇಲೆ ಬಿಸ್ಕತ್ತು ತಿನ್ನುತ್ತ ಕೂತಿದ್ದ. ಅವನಿಗೆ ಮಧ್ಯಾಹ್ನದ ಗುಂಪಿನಲ್ಲಿ ಜಾಗ ಕೊಟ್ಟಿದ್ದರು. ಓಡಿಹೋಗಬೇಕು ಅನ್ನಿಸುತ್ತಿದೆ ಅಂದ. ನಾನು ಬುದ್ಧಿಮಾತು ಹೇಳಲಿಲ್ಲ, ಇನ್ನೊಂದು ಬಿಸ್ಕತ್ತು ಕೊಟ್ಟು, ಅವನು ಒಳಗೆ ಹೋಗುವವರೆಗೂ ಪಕ್ಕದಲ್ಲೇ ಕೂತೆ. ಮುಗಿಸಿ ಬರಲಿ ಅಂತ ಕಾದೆ. ಸಂಜೆ ಹೊರಬಂದವನು ನನ್ನ ನಂಬರು ಬರೆದುಕೊಂಡು "ಬಾಯಲ್ಲಿ ಒಂದು ಮಾತೂ ಬರಲ್ಲ ಅಂದ್ಕೊಂಡಿದ್ದೆ. ಮೊದಲನೇದು ಬಂತು, ಆಮೇಲೆ ಉಳಿದವೂ ಬಂದ್ವು" ಅಂದ. ಅವನ ಮಾತು ಕೇಳುತ್ತ ನನ್ನ ಕಣ್ಣ ಮುಂದೆ ಇದ್ದವಳು ನೀನು. ಹೋದ ಸಲ ನಿನ್ನ ಪಕ್ಕ ಅಲ್ಲಿ ಯಾರೂ ಕೂತಿರಲಿಲ್ಲ, ಅಲ್ಲವಾ?

ನನಗಂತೂ ಧೈರ್ಯವಿದೆ. ಎರಡು ಟೇಬಲ್ ಚಿನ್ನದಂತೆ ಆಗಿವೆ, ಫಿಸಿಕ್ಸ್ ಅರ್ಧವಾದರೂ ಆಗಿದೆ. ಫಲಿತಾಂಶ ಇವತ್ತೋ ನಾಳೆಯೋ ಬರುತ್ತದಂತೆ. ಅಮ್ಮ ನಿನ್ನನ್ನು ನೆನೆಸಿಕೊಂಡಾಗಲೆಲ್ಲ ನಿನ್ನ ಹಾಸಿಗೆಯ ಹೊದಿಕೆ ಬದಲಿಸುತ್ತಾಳೆ, ಹಾಗಾಗಿ ನಿನ್ನ ಕೋಣೆಯಷ್ಟು ಶುಭ್ರವಾದ ಜಾಗ ಈ ಮನೆಯಲ್ಲಿ ಬೇರೊಂದಿಲ್ಲ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ನೂರು ಕಾಲ ನಗುನಗುತ್ತಾ ಇರು, ಮೊದಲು ಫೋನಿಗೆ ಜೀವ ಕೊಡು.

ನಿನ್ನನ್ನು ಬಿಟ್ಟು ಬೇರೆ ತಂಗಿಯಿಲ್ಲದ,
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಉದ್ದಣ್ಣನ ಫೋನು ಬಂತು. ಫಲಿತಾಂಶ ಬಂದಿದೆ, ಅವನು ಪಾಸು, ಖುಷಿಗೆ ಅಳುತ್ತಿದ್ದ. "ನಿಮ್ದು ಮೇಡಂ?" ಅಂದ. ನೋಡಿದೆ. ಫಿಸಿಕ್ಸ್‌ನಲ್ಲಿ ಸ್ವಲ್ಪದರಲ್ಲಿ ಹೋಯಿತು ಪುಟ್ಟೀ. ಬಿದ್ದವನು ಪಾಸಾದ, ಎತ್ತಿದವಳು ಬಿದ್ದಳು! ಅವನಿಗೆ ಹೇಳಲಿಲ್ಲ, ನೀನೂ ಅಪ್ಪನಿಗೆ ಈಗಲೇ ಹೇಳಬೇಡ. ಒಂದು ಲೋಟ ನೀರು ಕುಡಿದು, ಸ್ವಲ್ಪ ಅತ್ತು, ಮುಖ ತೊಳೆದು ಬಂದು ಬರೆಯುತ್ತಿದ್ದೇನೆ. ಮುಂದಿನ ಸಲಕ್ಕೆ ನಾನಂತೂ ಕೂರುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಾಳಿಗುಳ್ಳೆಯ ಲೆಕ್ಕ ನನಗೆ ನಿಜವಾಗಿಯೂ ಬರುವುದಿಲ್ಲ, ಸಮಯ ಸಿಕ್ಕಿದ್ದರೂ ತಡವರಿಸುತ್ತಿದ್ದೆ. ನಿನಗೆ ಬರುತ್ತದೆ. ಬಂದು ಹೇಳಿಕೊಡೇ.