ಕೊನೆಯ ತೂತು

ಅಣ್ಣಾ,

ಅಪ್ಪನ ವಾಚು ಸಿಕ್ಕಿತು. ನೀನು ಮನೆ ಬಿಟ್ಟಾಗ ಕಟ್ಟಿಕೊಂಡು ಹೋದದ್ದೇ. ಗಾಜಿನ ಸೀಳು ಹಾಗೇ ಇದೆ. ಇವತ್ತು ಹಳೇ ಸಾಮಾನಿನ ಅಂಗಡಿಯಲ್ಲಿ, ಯಾರು ಯಾರದೋ ಕನ್ನಡಕಗಳ ನಡುವೆ ಬಿದ್ದಿತ್ತು.

ಯಾರು ತಂದುಕೊಟ್ಟರು ಎಂದು ಅಂಗಡಿಯವನ ಬೆನ್ನು ಬಿದ್ದೆ.

"ನಾಲ್ಕು ಕೈ ದಾಟಿ ಬಂದಿದೆ ಅಕ್ಕಾ. ಎಲ್ಲಿ ಅಂತ ಹುಡುಕ್ತೀರ?"

ಅವನು ಹೇಳಲಾರದ್ದನ್ನು ಚರ್ಮದ ಬೆಲ್ಟು ಹೇಳಿತು. ಅಪ್ಪನ ದಪ್ಪ ಕೈಯ ತೂತು ಹರಿದು ಅಗಲವಾಗಿದೆ. ಅದರ ಪಕ್ಕದ್ದು ನಿನ್ನದು. ಅದಕ್ಕೂ ಒಳಗೆ, ಕಂಪನಿಯವರು ಮಾಡದ ಮೂರು ತೂತುಗಳಿವೆ.

"ಯಾವುದೋ ಮಗು ಕಟ್ಕೊಂಡಿರ್ಬೇಕು ಬಿಡಿ," ಎಂದ ಅವನು. ನಂಬಲು ನೋಡಿದೆ. ಆದರೆ ಮೂರರ ಅಂಚೂ ಸುಟ್ಟು ಕಪ್ಪಾಗಿದೆ. ನಾಲಿಗೆ ಕಚ್ಚಿಕೊಂಡು, ಕಾಯಿಸಿದ ಮೊಳೆಯಿಂದ ನನ್ನ ಚಪ್ಪಲಿಗೆ ತೂತು ಹಾಕಿಕೊಡುತ್ತಿದ್ದವನು ನೀನು.

ಏನು ತಿನ್ನುತ್ತಿದ್ದೆ ಅಣ್ಣಾ? ಹತ್ತಿರ ಯಾರಾದರೂ ಇದ್ದರಾ? ಅಪ್ಪ ಬಾಗಿಲಿಗೆ ಚಿಲಕ ಹಾಕಿದ್ದು ನೀನು ಮನೆ ಬಿಟ್ಟ ಆ ಒಂದು ರಾತ್ರಿ ಮಾತ್ರ. ಆಮೇಲೆ ಸಾಯುವವರೆಗೂ ಯಾರಿಗೂ ಹಾಕಲು ಬಿಡಲಿಲ್ಲ. ಇದನ್ನು ನಿನಗೆ ಹೇಳುವವರೇ ಇರಲಿಲ್ಲ. ವಾಚು ಬಂದ ಕೈಗಳಲ್ಲೇ ಈ ಕಾಗದ ವಾಪಸ್ಸು ಹೋಗುವ ಹಾಗಿದ್ದರೆ.

ಕೊನೆಯ ತೂತಿಗೆ ಕಟ್ಟಿಕೊಂಡಿದ್ದೇನೆ. ನನ್ನ ಕೈಗೇ ಬಿಗಿ. ಬೆರಳುಗಳು ಜೋಮು ಹಿಡಿದಿವೆ. ಬಿಚ್ಚಲಾರೆ.