ಎರವಲು ಹಸುಗಳು

3 ಫೆಬ್ರವರಿ 1975, ಡಿಯರ್‌ಬಾರ್ನ್
ಇವತ್ತೂ ಏಳಕ್ಕೆ ಟೈ ಕಟ್ಟಿ ಹೊರಟೆ. ಲೇಆಫ್ ಆಗಿ ಮೂರು ವಾರ. ಲೈಬ್ರರಿಯಲ್ಲಿ ಕೂತು ಮತ್ತೆರಡು ಕಡೆ ಅಪ್ಲೈ ಮಾಡಿದೆ. ಮೈಸೂರಿಗೆ ತಿಳಿಸಿಲ್ಲ...

ಪದ್ಮಳ ಅಪ್ಪನ ಕಾಗದ ಬಂದಿದೆ. ಅವಳ ಸೋದರಮಾವ ಶೇಷಾದ್ರಿ ಡೌನರ್ಸ್ ಗ್ರೋವ್‌ನಿಂದ ಭಾನುವಾರ ಬಂದು ನನ್ನ ಮನೆ ನೋಡುತ್ತಾರಂತೆ. ಅವರು ಹೂಂ ಅಂದರೆ ಮೇ ತಿಂಗಳಲ್ಲಿ ಮದುವೆ. ಕೆಳಗೆ ಪದ್ಮಳದೇ ಒಂದು ಸಾಲು — ಅಡುಗೆಮನೆ ಕಿಟಕಿಯಿಂದ ಹಿಮ ಕಾಣುತ್ತದೆಯೇ?

ನನ್ನದು ಬಾಡಿಗೆ ರೂಮು. ಕಿಟಕಿಯಾಚೆ ಇಟ್ಟಿಗೆ ಗೋಡೆ.

4 ಫೆ.
ಗೆಳೆಯ ಜಯಸಿಂಹನಿಗೆ ಹೇಳಿಕೊಂಡೆ. "ಅಷ್ಟಕ್ಕೆ ಮುಖ ಯಾಕೆ ಬಾಡಿಸ್ಕೊಂಡಿದೀಯ? ಭಾನುವಾರ ನಮ್ಮನೇನೇ ನಿಂದು ಅನ್ನು. ನಾನೂ ಸರಳಾನೂ ಷಾಪಿಂಗಿಗೆ ಹೋಗ್ತೀವಿ. ಕಲರ್ ಟೀವಿ ಬೇರೆ ಇದೆ, ಮಾವನೋರು ಫ್ಲಾಟ್!"
ಒಪ್ಪಿಕೊಂಡೆ.

7 ಫೆ.
ಮನೆಯೊಡತಿ ಮಿಸೆಸ್ ಕೆರಿಗನ್ ಟೀ ಕೊಟ್ಟು ತಮ್ಮ ಮದುವೆಯ ಕಥೆ ಹೇಳಿದರು. ಐರ್ಲೆಂಡಿನ ಹಳ್ಳಿ. ಅಲ್ಲೂ ನಮ್ಮ ಹಾಗೇ, ಸಂಬಂಧ ಕುದುರಿಸಲು ಒಬ್ಬ ಮಧ್ಯಸ್ಥ. ಹೆಣ್ಣಿನ ಅಪ್ಪ ಗಂಡಿನ ಹೊಲ ಸುತ್ತಿ, ದನ ನೋಡಿ ಮಾತು ಕೊಡಬೇಕು. ಇವರ ಅಪ್ಪ ಹನ್ನೊಂದು ಹಸು ನೋಡಿ ಬಂದರು. ಮದುವೆಯ ಮಾರನೇ ಬೆಳಗ್ಗೆ ಏಳು ಹಸು ಪಕ್ಕದವರ ಕೊಟ್ಟಿಗೆಗೆ ವಾಪಸು ಹೊರಟವಂತೆ.
"ಕೋಪ ಬರ್ಲಿಲ್ವಾ?"
"ಹಸು ಹೋದ್ರೆ ಹೋಗ್ಲಿ. ಆಮೇಲೆ ಮೂವತ್ತು ವರ್ಷ, ಅವನು ಮಳೆ ಬರ್ತಿದೆ ಅಂದ್ರೂ ನಾನು ಎದ್ದು ಹೋಗಿ ನೋಡ್ತಿದ್ದೆ."
ನಕ್ಕರು. ನಾನೂ ನಕ್ಕೆ. ಟೀ ಹಾಗೇ ಆರಿಹೋಯಿತು.

9 ಫೆ., ಭಾನುವಾರ
ಶೇಷಾದ್ರಿ ಅಂಕಲ್ ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಜಯಸಿಂಹನ ಮನೆಗೆ ಬಂದರು. ನೀರು ಕೇಳಿದರು. ಮೂರು ಕಪಾಟು ತೆಗೆದೆ — ಲೋಟ ಸಿಗಲಿಲ್ಲ.
"ಏನ್ರೀ ಶ್ರೀಧರ್, ನಿಮ್ಮನೆ ಲೋಟ ನಿಮಗೇ ಗೊತ್ತಿಲ್ವೆ?" ಆಮೇಲೆ ತಾವೇ ನಕ್ಕರು. "ಬ್ರಹ್ಮಚಾರಿ ಮನೆ! ಪದ್ಮ ಬಂದು ಸರಿ ಮಾಡ್ತಾಳೆ ಬಿಡಿ. ಕೆಲಸ ಪರ್ಮನೆಂಟ್ ತಾನೆ?"
"ಹೂಂ, ಅಂಕಲ್."
ಅಡುಗೆಮನೆ ಕಿಟಕಿಯ ಮುಂದೆ ನಿಂತರು. ಹೊರಗೆ ಮೊಣಕಾಲುದ್ದ ಹಿಮ. "ಇದನ್ನ ಅವಳಿಗೆ ಬರೀಲೇಬೇಕು."

11 ಫೆ.
ಅಂಕಲ್ ಫೋನ್ ಮಾಡಿದ್ದರು. ಒಪ್ಪಿಗೆ. ತಿಂಗಳ ಕೊನೆಗೆ ಲಗ್ನಪತ್ರಿಕೆ ಅಚ್ಚಿಗೆ. ನಿಜ ಹೇಳಿದರೆ ಎಲ್ಲ ಮುರಿಯುತ್ತದೆ. ಹೇಳದಿದ್ದರೆ... ಅವಳು ಎದ್ದು ಹೋಗಿ ನೋಡುತ್ತಾಳೆ, ಪ್ರತಿ ಸಲ.

ಏರೋಗ್ರಾಂ ಕಾಗದ ತೆಗೆದೆ. ಅವಳ ಹೆಸರಿಗೇ, ಮೊದಲ ಸಲ. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ —
ಪದ್ಮ, ಹಿಮ ಕಾಣುವ ಆ ಕಿಟಕಿ ನನ್ನದಲ್ಲ. ಕೆಲಸವೂ...